ಕೊನೆಯ ಪುಟದಲ್ಲಿ ಬದಲಾದವರು ಯಾರು?

ಮಗಳ ಕ್ಲಾಸ್ ಟೀಚರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. "ಓದೋದು ಬರೆಯೋದು ಎಲ್ಲಾ ಚೆನ್ನಾಗಿದೆ, ಆದರೆ ಕ್ಲಾಸಿನಲ್ಲಿ ಬಾಯೇ ಬಿಡಲ್ಲ. ಸ್ವಲ್ಪ ಕಾನ್ಫಿಡೆನ್ಸ್ ಬರೋ ಥರದ ಪುಸ್ತಕ ಓದಿಸಿ ನೋಡಿ."

ನನಗೂ ಹೌದು ಅನ್ನಿಸಿತು. ಪುಸ್ತಕ ತಾನೇ, ಟಾನಿಕ್ ಕುಡಿಸೋದಕ್ಕಿಂತ ಸುಲಭ. ಅವತ್ತು ರಾತ್ರಿಯೇ ಕೂತು ಹುಡುಕಿದೆ. ದಯೆ ಕಲಿಸೋ ಪುಸ್ತಕ, ಧೈರ್ಯ ತುಂಬೋ ಪುಸ್ತಕ, ನಿನ್ನನ್ನು ನೀನು ಪ್ರೀತಿಸು ಅನ್ನೋ ಪುಸ್ತಕ. ಒಂದೇ ವಾರದಲ್ಲಿ 11 ಪುಸ್ತಕ ಮನೆಗೆ ಬಂದವು. ಒಂದರಲ್ಲಿ ನಾಚಿಕೊಳ್ಳೋ ಆಮೆ, ಇನ್ನೊಂದರಲ್ಲಿ ಕತ್ತಲಿಗೆ ಹೆದರೋ ಮಿಂಚುಹುಳ, ಮತ್ತೊಂದರಲ್ಲಿ ಮಾತು ತೊದಲೋ ಗಿಳಿ. ಹೆಚ್ಚುಕಮ್ಮಿ ಎಲ್ಲವೂ ಒಂದೇ ಥರ. ಮೊದಲ ಪುಟದಲ್ಲಿ ಪ್ರಾಣಿಗೆ ಏನೋ ಒಂದು ತೊಂದರೆ, ನಡುವೆ ಒಬ್ಬ ಬುದ್ಧಿವಂತ ಗೂಬೆ, ಕೊನೆಯ ಪುಟದಲ್ಲಿ ಚಪ್ಪಾಳೆ.

ನಾಲ್ಕನೇ ರಾತ್ರಿ. ಆಮೆ ವೇದಿಕೆ ಹತ್ತಿ ಹಾಡಿ, ಕಾಡಿನವರೆಲ್ಲಾ ಚಪ್ಪಾಳೆ ಹೊಡೆದಾಯಿತು. ಮಗಳು ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡು ಕೇಳಿದಳು.

"ಅಮ್ಮಾ, ಈ ಬುಕ್ಸ್ ಎಲ್ಲಾ ನಾನು ಸರಿ ಇಲ್ಲ ಅಂತ ತಂದಿದ್ದಾ?"

ಅವಳಿಗೆ ಏಳು ವರ್ಷ. ನಾನು "ಛೇ, ಹಾಗೇನಿಲ್ಲ ಪುಟ್ಟಾ" ಅಂದೆ. ಅದು ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು.

ಅವತ್ತಿಂದ ಈ ಪುಸ್ತಕಗಳನ್ನು ನಾನು ಬೇರೆ ಕಣ್ಣಿನಿಂದ ನೋಡೋಕೆ ಶುರು ಮಾಡಿದೆ. ಕೆಲವನ್ನು ಅವಳು ಮಲಗಿದ ಮೇಲೆ ಒಬ್ಬಳೇ ಕೂತು ಮತ್ತೆ ಓದಿದೆ. ಹಿಂದಿನ ರಕ್ಷಾಪುಟದ ಮೇಲೆ ಯಾವ ಪುಸ್ತಕ ಯಾವುದಕ್ಕೆ ಅಂತ ಅಚ್ಚು ಹಾಕಿರುತ್ತಾರೆ, ಔಷಧಿ ಬಾಟಲಿ ಮೇಲೆ ಬರೆದ ಹಾಗೆ. ಆತ್ಮವಿಶ್ವಾಸಕ್ಕೆ ಇದು, ಹಂಚಿಕೊಳ್ಳೋದಕ್ಕೆ ಇದು, ಕೋಪಕ್ಕೆ ಇದು. ಮಗುವಿಗೆ ಓದೋಕೆ ಬರುತ್ತೆ ಅಲ್ವಾ, ಅದು ಹಿಂದಿನ ಪುಟವನ್ನೂ ಓದುತ್ತೆ. ನಮಗೆ ಯಾರಾದರೂ "ಮನುಷ್ಯರ ಜೊತೆ ಚೆನ್ನಾಗಿ ಬೆರೆಯುವುದು ಹೇಗೆ" ಅನ್ನೋ ಪುಸ್ತಕವನ್ನು ಹುಟ್ಟುಹಬ್ಬಕ್ಕೆ ಉಡುಗೊರೆ ಕೊಟ್ಟರೆ ಹೇಗೆ ಅನ್ನಿಸುತ್ತೆ? ಅಷ್ಟೇ ಅವಳಿಗೂ ಅನ್ನಿಸಿದ್ದು.

ಒಂದು ಪ್ರಶ್ನೆ ಆಗಲೇ ಹೊಳೆದದ್ದು. ಈಗ ಯಾವ ಮಕ್ಕಳ ಪುಸ್ತಕ ಕೈಗೆ ಸಿಕ್ಕಿದರೂ ನಾನು ಮೊದಲು ಕೇಳಿಕೊಳ್ಳೋದು ಅದನ್ನೇ. ಕೊನೆಯ ಪುಟಕ್ಕೆ ಬರೋ ಹೊತ್ತಿಗೆ ಬದಲಾಗಿರೋದು ಯಾರು? ಎಲ್ಲರಿಗಿಂತ ಬೇರೆ ಥರ ಇದ್ದ ಆ ಒಂದು ಜೀವವೋ, ಅಥವಾ ಸುತ್ತ ಇದ್ದ ಉಳಿದವರೋ?

ಎಲ್ಲರಿಗೂ ಗೊತ್ತಿರೋ ಕುರೂಪಿ ಬಾತುಕೋಳಿ ಮರಿಯ ಕಥೆಯನ್ನೇ ತಗೊಳ್ಳಿ. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅದನ್ನು ಪ್ರಕಟಿಸಿದ್ದು 1843ರಲ್ಲಿ. "ಬೇರೆ ಥರ ಇದ್ದರೆ ತಪ್ಪಲ್ಲ" ಅಂತ ಹೇಳೋಕೆ ನಾವು ಮೊದಲು ಹುಡುಕೋದು ಇದೇ ಕಥೆ. ಆದರೆ ಕಥೆಯಲ್ಲಿ ನಿಜವಾಗಿ ಆಗೋದೇನು? ಮರಿಯನ್ನು ಎಲ್ಲರೂ ಕುಕ್ಕುತ್ತಾರೆ, ಓಡಿಸುತ್ತಾರೆ. ಮೊದಲು ಅದರ ಪರ ಮಾತಾಡಿದ ತಾಯಿಯೇ ಆಮೇಲೆ ಇದು ಎಲ್ಲಾದರೂ ದೂರ ಹೋಗಬಾರದಾ ಅಂತಾಳೆ. ನಡುವೆ ಒಬ್ಬ ಅಜ್ಜಿಯ ಗುಡಿಸಲು ಬರುತ್ತೆ. ಅಲ್ಲಿ ಒಂದು ಕೋಳಿ, ಒಂದು ಬೆಕ್ಕು. ನಿನಗೆ ಮೊಟ್ಟೆ ಇಡೋಕೆ ಬರುತ್ತಾ ಅಂತ ಕೋಳಿ ಕೇಳುತ್ತೆ. ಬೆನ್ನು ಬಾಗಿಸಿ ಗುರುಗುಟ್ಟೋಕೆ ಬರುತ್ತಾ ಅಂತ ಬೆಕ್ಕು ಕೇಳುತ್ತೆ. ಎರಡೂ ಬರಲ್ಲ ಅಂದಮೇಲೆ ನಿನಗೊಂದು ಅಭಿಪ್ರಾಯ ಯಾಕೆ ಅನ್ನೋ ಧಾಟಿ. ಆಂಡರ್ಸನ್‌ಗೆ ಲೋಕ ಎಷ್ಟು ಚೆನ್ನಾಗಿ ಗೊತ್ತಿತ್ತು ಅಂತ ಈ ಒಂದು ಜಾಗದಲ್ಲೇ ತಿಳಿಯುತ್ತೆ. ನನ್ನ ಪ್ರಕಾರ ಇಡೀ ಕಥೆಯ ಜೀವ ಇರೋದು ಇಲ್ಲೇ, ಆದರೆ ಮಕ್ಕಳಿಗಾಗಿ ಚಿಕ್ಕದು ಮಾಡೋವಾಗ ಮೊದಲು ಕತ್ತರಿ ಬೀಳೋದೂ ಇಲ್ಲಿಗೇ.

ಕೊನೆಗೆ ಮರಿ ಹಂಸ ಆಗುತ್ತೆ. ಎಲ್ಲಕ್ಕಿಂತ ಚೆಂದದ ಹಂಸ. ಆಮೇಲೆ ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಹಾಗಾದರೆ ಕುಕ್ಕಿದ ಬಾತುಗಳು ಏನು ಕಲಿತವು? ಏನೂ ಇಲ್ಲ. ಅದು ಹಂಸ ಆಗದೆ ನಿಜವಾಗಲೂ ಒಂದು ಕುರೂಪಿ ಬಾತುಕೋಳಿಯೇ ಆಗಿ ಬೆಳೆದಿದ್ದರೆ? ಕಥೆಯ ಹತ್ತಿರ ಅದಕ್ಕೆ ಉತ್ತರ ಇಲ್ಲ. ಕಥೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಂಟಿತನದ ಬಗ್ಗೆ ಅಷ್ಟು ಒಳ್ಳೆಯ ಕಥೆ ಕಮ್ಮಿ. ಆದರೆ ಅದನ್ನು ಸ್ವೀಕಾರದ ಪಾಠ ಅಂತ ಓದಿಸಿದರೆ ಮಗುವಿಗೆ ಸಿಗೋ ಪಾಠ ಬೇರೆಯೇ: ಸ್ವಲ್ಪ ತಡ್ಕೋ, ಚೆಂದ ಆದಮೇಲೆ ಕರೀತಾರೆ.

ಇನ್ನೊಂದು ಮೀನಿನ ಪುಸ್ತಕ. ಸ್ವಿಟ್ಜರ್ಲೆಂಡಿನ ಮಾರ್ಕುಸ್ ಫಿಸ್ಟರ್ 1992ರಲ್ಲಿ ತಂದ 'ರೇನ್‌ಬೋ ಫಿಶ್'. ಪುಟದ ಮೇಲೆ ಮೀನಿನ ಹುರುಪೆಗಳು ಬೆಳ್ಳಿ ಕಾಗದದ ಹಾಗೆ ನಿಜವಾಗಲೂ ಮಿರುಗುತ್ತವೆ, ಯಾವ ಮಗುವೂ ಬೆರಳಾಡಿಸದೆ ಬಿಡಲ್ಲ. ಸಮುದ್ರದಲ್ಲೇ ಚೆಂದದ ಮೀನು, ಸ್ವಲ್ಪ ಜಂಬ. ಒಂದು ಪುಟ್ಟ ಮೀನು ಬಂದು ನಿನ್ನ ಹೊಳೆಯೋ ಹುರುಪೆ ಒಂದು ಕೊಡು ಅನ್ನುತ್ತೆ. ಇದು ಬೈದು ಕಳಿಸುತ್ತೆ. ಆಮೇಲೆ ಯಾರೂ ಅದರ ಜೊತೆ ಸೇರಲ್ಲ. ಆಕ್ಟೋಪಸ್ ಹತ್ತಿರ ಸಲಹೆ ಕೇಳಿದರೆ, ಹುರುಪೆಗಳನ್ನು ಹಂಚಿಬಿಡು ಅನ್ನುತ್ತೆ. ಮೀನು ಒಂದೊಂದಾಗಿ ಹಂಚುತ್ತಾ ಹೋಗಿ ತನಗೆ ಒಂದೇ ಒಂದು ಉಳಿಸಿಕೊಳ್ಳುತ್ತೆ. ಈಗ ಎಲ್ಲರೂ ಫ್ರೆಂಡ್ಸ್.

ಹಂಚಿಕೊಳ್ಳೋದನ್ನು ಕಲಿಸೋಕೆ ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ ಅಂತ ಎಲ್ಲೋ ಓದಿ ತಂದಿದ್ದೆ. ಮಗಳು ಬೆರಳನ್ನು ಆ ಮಿರುಗೋ ಜಾಗದ ಮೇಲೆ ಇಟ್ಟುಕೊಂಡೇ ಕೇಳಿದಳು, "ಕಿತ್ತರೆ ನೋವಾಗಲ್ವಾ?" ನನಗೆ ಏನು ಹೇಳಬೇಕೋ ತೋಚಲಿಲ್ಲ. ಆಟಿಕೆ ಹಂಚಿಕೊಳ್ಳೋದು ಬೇರೆ, ಮೈಮೇಲಿನ ಹುರುಪೆ ಕಿತ್ತು ಕೊಡೋದು ಬೇರೆ. ಜಂಬ ಬಿಡಬೇಕು, ಸರಿ. ಕರೆದಾಗ ಆಟಕ್ಕೆ ಹೋಗಬೇಕು, ಅದೂ ಸರಿ. ಆದರೆ "ನಿನ್ನದನ್ನು ಕಿತ್ತು ಕೊಟ್ಟರೆ ಮಾತ್ರ ನಿನ್ನ ಜೊತೆ ಮಾತಾಡ್ತೀವಿ" ಅನ್ನೋ ಗುಂಪಿನ ಬಗ್ಗೆ ಆ ಪುಸ್ತಕ ಒಂದು ಮಾತೂ ಆಡಲ್ಲ. ನಾಳೆ ದೊಡ್ಡವಳಾದ ಮೇಲೆ ಅವಳಿಗೆ ಅಂಥ ಗುಂಪುಗಳು ಬೇಕಾದಷ್ಟು ಸಿಗುತ್ತವೆ. ಆಗ ಆಕ್ಟೋಪಸ್ ಮಾತು ಕೇಳು ಅಂತ ಹೇಳೋಕೆ ನನಗಂತೂ ಮನಸ್ಸಿಲ್ಲ.

ನಮ್ಮದೇ ಗೋವಿನ ಹಾಡನ್ನೂ ಇದೇ ಪ್ರಶ್ನೆ ಹಿಡಿದು ನೋಡಿದೆ. ಅಲ್ಲಿ ಬದಲಾಗೋದು ಪುಣ್ಯಕೋಟಿ ಅಲ್ಲ, ಹುಲಿ. ಬಲ ಇರೋದು ಹುಲಿಗೆ, ಬದಲಾಗೋದೂ ಹುಲಿಯೇ. ಅದು ನನಗೆ ತುಂಬಾ ಹಿಡಿಸಿತು. ಆದರೆ ನಾನು ಚಿಕ್ಕವಳಿದ್ದಾಗ ಕಣ್ಣೀರು ಹಾಕಿದ್ದು ಹಸುವಿಗಾಗಿ, ಮಗಳು ಅತ್ತಿದ್ದು ಹುಲಿಗಾಗಿ. "ಒಳ್ಳೆಯದಾಯ್ತಲ್ಲ ಅದು, ಮತ್ತೆ ಯಾಕೆ ಸತ್ತಿತು?" ಹೌದಲ್ವಾ. ತಪ್ಪು ಅರಿವಾದ ಮೇಲೂ ಬದುಕೋದಕ್ಕೆ ಅದಕ್ಕೆ ಜಾಗ ಇಲ್ಲ. ತಪ್ಪು ಮಾಡಿದವರು ತಿದ್ದಿಕೊಂಡು ನಾಳೆಯೂ ನಮ್ಮ ಮಧ್ಯೆಯೇ ಇರ್ತಾರೆ ಅನ್ನೋದು ದಯೆಯ ಕಷ್ಟದ ಭಾಗ. ಅವತ್ತು ಅವಳು ಹುಲಿಯನ್ನು ಬದುಕಿಸಿ ಕಥೆ ಮುಗಿಸಿದಳು. ಹಸು ಹುಲಿ ಇಬ್ಬರೂ ಅಕ್ಕಪಕ್ಕ ಇರ್ತಾರಂತೆ, ಆದರೆ ಸ್ವಲ್ಪ ದೂರದಲ್ಲಿ.

ಆತ್ಮವಿಶ್ವಾಸದ ಪುಸ್ತಕಗಳ ವಿಷಯಕ್ಕೆ ಬರ್ತೀನಿ, ಅವೇ ನನಗೆ ಜಾಸ್ತಿ ಕಿರಿಕಿರಿ ಮಾಡಿದ್ದು. "ನೀನು ಅದ್ಭುತ, ನೀನು ಏನು ಬೇಕಾದರೂ ಮಾಡಬಲ್ಲೆ, ನಿನ್ನಂಥವರು ಇನ್ನೊಬ್ಬರಿಲ್ಲ." ಪುಟ ತಿರುಗಿಸಿದರೆ ಮತ್ತೆ ಅದೇ, ಬೇರೆ ಬಣ್ಣದಲ್ಲಿ. ನೆದರ್ಲೆಂಡ್ಸಿನಲ್ಲಿ ಎಡ್ಡಿ ಬ್ರುಮ್ಮೆಲ್‌ಮನ್ ಮತ್ತು ಅವರ ಜೊತೆಗಾರರು ಮಾಡಿದ ಒಂದು ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ವ್ಯಾನ್ ಗಾಗ್‌ನ ಒಂದು ಹೂವಿನ ಚಿತ್ರವನ್ನು ನೋಡಿ ಬರೆಯೋಕೆ ಹೇಳಿದರು. ಆಮೇಲೆ ಒಬ್ಬ ಚಿತ್ರಕಾರ ಕಳಿಸಿದ್ದು ಅಂತ ಒಂದು ಚೀಟಿ ಕೊಟ್ಟರು. ಕೆಲವರ ಚೀಟಿಯಲ್ಲಿ ಚಿತ್ರ ಚೆನ್ನಾಗಿದೆ ಅಂತ, ಕೆಲವರದ್ದರಲ್ಲಿ ನಂಬೋಕೇ ಆಗದಷ್ಟು ಚೆನ್ನಾಗಿದೆ ಅಂತ, ಇನ್ನು ಕೆಲವರಿಗೆ ಹೊಗಳಿಕೆಯೇ ಇಲ್ಲ. ಮುಂದೆ ಯಾವ ಚಿತ್ರ ಬರೀತೀಯ, ಸುಲಭದ್ದೋ ಕಷ್ಟದ್ದೋ ಅಂತ ಕೇಳಿದಾಗ, ತಮ್ಮ ಬಗ್ಗೆ ತಮಗೇ ಅಷ್ಟೊಂದು ನಂಬಿಕೆ ಇಲ್ಲದ ಮಕ್ಕಳು ಭಾರಿ ಹೊಗಳಿಕೆ ಸಿಕ್ಕಮೇಲೆ ಸುಲಭದ್ದರ ಕಡೆಗೇ ಹೋದರು. ನಂಬಿಕೆ ಇರೋ ಮಕ್ಕಳಿಗೆ ಅದೇ ಹೊಗಳಿಕೆ ಹುರುಪು ಕೊಟ್ಟಿತು. ಯಾರಿಗೆ ಬೇಕು ಅಂತ ನಾವು ಜಾಸ್ತಿ ಹೊಗಳ್ತೀವೋ, ಅವರಿಗೇ ಅದು ಹೊರೆ. ಇಷ್ಟು ಎತ್ತರಕ್ಕೆ ಕೂರಿಸಿದ್ದಾರೆ, ಈಗ ಬಿದ್ದರೆ ಎಲ್ಲರಿಗೂ ಗೊತ್ತಾಗುತ್ತೆ ಅನ್ನೋ ಭಯ. ಪುಸ್ತಕದ ಹೊಗಳಿಕೆಯನ್ನು ಯಾರೂ ಹೀಗೆ ಅಳೆದು ನೋಡಿರೋದು ನನಗೆ ಸಿಕ್ಕಿಲ್ಲ, ಆದರೆ "ನೀನು ಅದ್ಭುತ" ಅಂತ ಓದುವಾಗ ಮಗಳು ಮುಖ ಆ ಕಡೆ ತಿರುಗಿಸೋದನ್ನು ನೋಡಿದ್ದೀನಿ.

ಇಷ್ಟೆಲ್ಲಾ ಬೈದಾಯ್ತು. ಹಾಗಾದರೆ ಯಾವುದು ಒಳ್ಳೆಯ ಪುಸ್ತಕ?

ಒಬ್ಬ ಗೆಳತಿ ಕೊಟ್ಟ ಹಳೇ ಪುಸ್ತಕವೊಂದಿತ್ತು, 'ಕ್ರೋ ಬಾಯ್'. ಕಾಗೆ ಹುಡುಗ. ಜಪಾನಿನಿಂದ 1939ರಲ್ಲಿ ಅಮೆರಿಕಕ್ಕೆ ಹೋದ ತಾರೋ ಯಾಶಿಮಾ ಅನ್ನೋ ಚಿತ್ರಕಾರ 1955ರಲ್ಲಿ ಬರೆದದ್ದು. ಹಿಂದಿನ ಪುಟದಲ್ಲಿ ಯಾವ ಗುಣಕ್ಕೆ ಇದು ಅಂತ ಏನೂ ಹಾಕಿರಲಿಲ್ಲ, ಅದಕ್ಕೇ ಇರಬೇಕು ಆ 11ರ ರಾಶಿಯಲ್ಲಿ ಅದು ಸೇರಿರಲಿಲ್ಲ.

ಶಾಲೆಯ ಮೊದಲ ದಿನ ಒಬ್ಬ ಹುಡುಗ ಕಾಣಲ್ಲ. ಹುಡುಕಿದರೆ ಶಾಲೆಯ ನೆಲದಡಿಯ ಕತ್ತಲಲ್ಲಿ ಅಡಗಿ ಕೂತಿರ್ತಾನೆ. ಪುಟಾಣಿ ಅನ್ನೋ ಅರ್ಥದಲ್ಲಿ ಎಲ್ಲರೂ ಅವನನ್ನು ಚಿಬಿ ಅಂತಾರೆ. ಮೇಷ್ಟ್ರು ಅಂದರೆ ಭಯ, ಮಕ್ಕಳು ಅಂದರೂ ಭಯ. ಏನೂ ಕಲಿಯಲ್ಲ, ಯಾರ ಜೊತೆಯೂ ಸೇರಲ್ಲ. ಸರಿ, ಎಲ್ಲರೂ ಅವನನ್ನು ಅವನ ಪಾಡಿಗೆ ಬಿಟ್ಟುಬಿಡ್ತಾರೆ. ಅವನು ತನಗೆ ಬೇಡದ್ದು ಕಾಣದೇ ಇರಲಿ ಅಂತ ಕಣ್ಣು ಮಾಲಿಸಿಕೊಂಡು ನೋಡೋದನ್ನು ಅಭ್ಯಾಸ ಮಾಡಿಕೊಳ್ತಾನೆ. ಗಂಟೆಗಟ್ಟಲೆ ಚಾವಣಿ ನೋಡ್ತಾನೆ. ಮೇಜಿನ ಮರದ ಗೆರೆ ನೋಡ್ತಾನೆ. ಮುಂದೆ ಕೂತ ಹುಡುಗನ ಭುಜದ ಮೇಲಿನ ತೇಪೆ ನೋಡ್ತಾನೆ. ಕಣ್ಣು ಮುಚ್ಚಿ ದೂರದ ಹತ್ತಿರದ ಸದ್ದು ಕೇಳ್ತಾನೆ. ಹೀಗೇ ಐದು ವರ್ಷ.

ಮಗಳು ಆ ಪುಟ ತಿರುಗಿಸೋಕೆ ಬಿಡಲಿಲ್ಲ. ಕೈ ಅಡ್ಡ ಇಟ್ಟಳು. ಏನೂ ಹೇಳಲಿಲ್ಲ, ಸುಮ್ನೆ ನೋಡ್ತಾ ಇದ್ದಳು. ನನಗೆ ಬಾಯಿ ತುದಿಗೆ ಪ್ರಶ್ನೆ ಬಂದಿತ್ತು, ಪುಣ್ಯಕ್ಕೆ ನುಂಗಿಕೊಂಡೆ.

ಆರನೇ ವರ್ಷ ಇಸೊಬೆ ಅನ್ನೋ ಹೊಸ ಮೇಷ್ಟ್ರು ಬರ್ತಾರೆ. ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೋದಾಗ ಯಾವ ಗಿಡ ಎಲ್ಲಿ ಬೆಳೆಯುತ್ತೆ ಅಂತ ಚಿಬಿಗೆ ಗೊತ್ತಿರೋದು ಅವರ ಕಣ್ಣಿಗೆ ಬೀಳುತ್ತೆ. ಅವನ ಚಿತ್ರಗಳನ್ನು ಗೋಡೆಗೆ ಅಂಟಿಸ್ತಾರೆ, ಅವನಿಗೆ ಬಿಟ್ಟು ಇನ್ಯಾರಿಗೂ ಓದೋಕಾಗದ ಅವನ ಕೈಬರಹವನ್ನೂ ಅಂಟಿಸ್ತಾರೆ. ಯಾರೂ ಇಲ್ಲದಾಗ ಅವನ ಜೊತೆ ಕೂತು ಮಾತಾಡ್ತಾರೆ. ವರ್ಷದ ಕೊನೆಯ ಕಾರ್ಯಕ್ರಮದಲ್ಲಿ ಚಿಬಿ ವೇದಿಕೆ ಮೇಲೆ ಬಂದು ಕಾಗೆಗಳ ಕೂಗು ಮಾಡಿ ತೋರಿಸ್ತಾನೆ. ಆಗ ತಾನೇ ಮೊಟ್ಟೆಯಿಂದ ಹೊರಬಂದ ಮರಿಯ ಕೂಗು, ತಾಯಿಯದ್ದು, ತಂದೆಯದ್ದು, ಬೆಳಗಿನ ಜಾವದ್ದು, ಊರಲ್ಲಿ ಏನಾದರೂ ಅವಘಡ ಆದಾಗಿನದ್ದು.

ಇಲ್ಲಿ ನನಗೊಂದು ಅನುಮಾನ ಬಂತು. ಇದೂ ಅದೇ ಕಥೆ ಅಲ್ವಾ? ಪ್ರತಿಭೆ ತೋರಿಸಿದ ಮೇಲೆ ಒಪ್ಪಿಕೊಂಡರು, ಆಮೆಗೆ ಚಪ್ಪಾಳೆ ಸಿಕ್ಕ ಹಾಗೆ? ಮತ್ತೆ ಓದಿದೆ. ಅಲ್ಲ. ಕೂಗು ಮುಗಿದ ಮೇಲೆ ಮೇಷ್ಟ್ರು ಎದ್ದು, ಇವನು ಇದನ್ನೆಲ್ಲಾ ಎಲ್ಲಿ ಕಲಿತ ಅಂತ ವಿವರಿಸ್ತಾರೆ. ಬೆಳಕು ಹರಿಯೋ ಹೊತ್ತಿಗೆ ಬೆಟ್ಟದ ಮನೆ ಬಿಟ್ಟು, ಸೂರ್ಯ ಮುಳುಗೋ ಹೊತ್ತಿಗೆ ಮನೆ ಸೇರ್ತಾ, ಆರು ವರ್ಷ ಪ್ರತಿದಿನ. ಮಕ್ಕಳು ಅಳೋದು ಆಗ. ಇಷ್ಟು ವರ್ಷ ಇವನಿಗೆ ನಾವು ಏನು ಮಾಡಿದ್ವಿ ಅಂತ ನೆನಪಾಗಿ ಅಳ್ತಾರೆ. ಆರೂ ವರ್ಷ ಒಂದು ದಿನವೂ ತಪ್ಪಿಸದೆ ಶಾಲೆಗೆ ಬಂದವನು ಅಂತ ಗೌರವ ಸಿಗೋದು ಅವನೊಬ್ಬನಿಗೇ. ಚಿಬಿ ಮಾತ್ರ ಹಾಗೇ ಇದ್ದಾನೆ. ಶಾಲೆ ಮುಗಿದ ಮೇಲೂ ಇದ್ದಿಲು ಮಾರೋಕೆ ಊರಿಗೆ ಬರ್ತಾನೆ, ಕೆಲಸ ಮುಗಿಸಿ ಬೆಟ್ಟದ ದಾರಿ ಹಿಡೀತಾನೆ. ವಾಚಾಳಿ ಆಗಲ್ಲ, ಗುಂಪಿನ ನಾಯಕ ಆಗಲ್ಲ. ಬದಲಾದದ್ದು ಅವನನ್ನು ನೋಡೋ ಕಣ್ಣುಗಳು. ಅಷ್ಟೇ ಅಲ್ಲ, ಮೇಷ್ಟ್ರು ಅವನನ್ನು ನೋಡಿದ್ದು ಕಾರ್ಯಕ್ರಮಕ್ಕಿಂತ ಎಷ್ಟೋ ಮೊದಲೇ, ಅವನು ಏನನ್ನೂ ಸಾಬೀತು ಮಾಡದೇ ಇದ್ದಾಗ.

ಇನ್ನೊಂದು ಪುಸ್ತಕ ನಿಮಗೆ ಗೊತ್ತಿರಬಹುದು, ಕನ್ನಡಕ್ಕೂ ಬಂದಿದೆ, 'ತೊತ್ತೋಚಾನ್'. ಜಪಾನಿನ ತೆತ್ಸುಕೊ ಕುರೊಯಾನಾಗಿ 1981ರಲ್ಲಿ ತಮ್ಮ ಬಾಲ್ಯದ ಬಗ್ಗೆ ಬರೆದದ್ದು. ಅದರಲ್ಲಿ ಆಟದ ಸ್ಪರ್ಧೆಗಳ ದಿನ ಅಂತ ಒಂದು ಅಧ್ಯಾಯ ಇದೆ. ತಾಕಾಹಾಶಿ ಅನ್ನೋ ಹುಡುಗನ ಬೆಳವಣಿಗೆ ನಿಂತುಹೋಗಿದೆ, ಕೈಕಾಲು ಗಿಡ್ಡ. ಅವತ್ತು ಎಲ್ಲ ಪಂದ್ಯಗಳಲ್ಲೂ ಅವನೇ ಫಸ್ಟ್. ಬಟ್ಟೆಯಲ್ಲಿ ಮಾಡಿದ ದೊಡ್ಡ ಮೀನಿನೊಳಗೆ ತೆವಳಿ ಹೊರಬರೋ ಪಂದ್ಯ, ಗಿಡ್ಡ ಗಿಡ್ಡ ಮೆಟ್ಟಿಲನ್ನು ಒಂದೊಂದೇ ಹತ್ತೋ ಪಂದ್ಯ. ಎತ್ತರದ ಮಕ್ಕಳು ಮೀನಿನ ಹೊಟ್ಟೆಯಲ್ಲೇ ಸಿಕ್ಕಿಹಾಕಿಕೊಳ್ಳೋ ಹೊತ್ತಿಗೆ ಇವನು ಸುಳಕ್ ಅಂತ ಆಚೆ. ಪಂದ್ಯಗಳನ್ನು ಹಾಗೆ ಕಟ್ಟಿದವರು ಮುಖ್ಯೋಪಾಧ್ಯಾಯ ಕೊಬಾಯಾಶಿ. ಹುಡುಗನಿಗೆ "ನೀನು ಯಾರಿಗೂ ಕಮ್ಮಿ ಇಲ್ಲ" ಅಂತ ಭಾಷಣ ಮಾಡಿಲ್ಲ. ಪಂದ್ಯವನ್ನೇ ಬದಲಾಯಿಸಿದರು. ಯಾಕೆ ಬದಲಾಯಿಸಿದ್ದು ಅಂತ ಅವನಿಗೆ ಹೇಳಲೂ ಇಲ್ಲ.

ಅದೇ ಪುಸ್ತಕದ ಇನ್ನೊಂದು ವಿಷಯ ನನ್ನನ್ನು ಚುಚ್ಚಿದ್ದು. ತೊತ್ತೋಚಾನ್‌ಳನ್ನು ಒಂದನೇ ಕ್ಲಾಸಿನಲ್ಲೇ ಹಳೇ ಶಾಲೆಯಿಂದ ಹೊರಗೆ ಹಾಕಿರ್ತಾರೆ. ಅವಳಮ್ಮ ಆ ವಿಷಯವನ್ನು ಅವಳಿಗೆ 20 ವರ್ಷ ದಾಟೋ ತನಕ ಹೇಳೋದೇ ಇಲ್ಲ. ಹೊಸ ಶಾಲೆಗೆ ಹೋಗೋಣ್ವಾ ಅಂತ ಕೇಳ್ತಾಳೆ, ಅಷ್ಟೇ. ನಾನು? ಟೀಚರ್ ಹೇಳಿದ ಒಂದು ಮಾತನ್ನು ಒಂದು ವಾರ ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಆಗದೆ, 11 ಪುಸ್ತಕದ ರೂಪದಲ್ಲಿ ಮಂಚದ ಪಕ್ಕ ಪೇರಿಸಿಟ್ಟವಳು.

ದಯೆಯ ಪುಸ್ತಕ ಓದಿದರೆ ಮಕ್ಕಳು ನಿಜಕ್ಕೂ ದಯೆ ಕಲೀತಾರಾ ಅನ್ನೋ ಪ್ರಶ್ನೆಗೂ ಒಂದಿಷ್ಟು ಪ್ರಯೋಗ ನಡೆದಿವೆ. ಟೊರಾಂಟೊ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಒಂದರಲ್ಲಿ 4ರಿಂದ 6 ವರ್ಷದ ಮಕ್ಕಳಿಗೆ 10 ಸ್ಟಿಕರ್ ಕೊಟ್ಟು, ಸ್ಟಿಕರ್ ಸಿಗದ ಇನ್ನೊಂದು ಮಗುವಿಗೆ ಎಷ್ಟು ಕೊಡ್ತೀಯ ಅಂತ ಕೇಳಿದರು. ಹಂಚಿಕೊಳ್ಳೋದರ ಬಗ್ಗೆ ಒಂದು ಕಥೆ ಓದಿ ಮತ್ತೆ ಕೇಳಿದರು. ಕೆಲವರಿಗೆ ಓದಿದ ಕಥೆಯಲ್ಲಿ ಬಟ್ಟೆ ಹಾಕಿಕೊಂಡು ಮಾತಾಡೋ ಪ್ರಾಣಿಗಳು, ಇನ್ನು ಕೆಲವರಿಗೆ ಅದೇ ಕಥೆ ಮನುಷ್ಯರದ್ದು. ಮನುಷ್ಯರ ಕಥೆ ಕೇಳಿದವರು ಮೊದಲಿಗಿಂತ ಜಾಸ್ತಿ ಕೊಟ್ಟರು. ಪ್ರಾಣಿಗಳದ್ದು ಕೇಳಿದವರು ಮೊದಲಿಗಿಂತ ಕಮ್ಮಿ ಕೊಟ್ಟರು! ನನ್ನ ಆಮೆ, ಗಿಳಿ, ಮಿಂಚುಹುಳಗಳನ್ನು ನೆನೆದು ನಗು ಬಂತು. ಒಂದು ಮಧ್ಯಾಹ್ನದ ಸ್ಟಿಕರ್ ಆಟದಿಂದ ಪಂಚತಂತ್ರವನ್ನೆಲ್ಲಾ ಅಟ್ಟಕ್ಕೆ ಹಾಕೋ ಅಗತ್ಯ ಇಲ್ಲ, ಬಿಡಿ. ಆದರೂ ಪ್ರಾಣಿಯ ಮುಖವಾಡ ಹಾಕಿದರೆ ಬುದ್ಧಿಮಾತು ತಾನಾಗಿ ಒಳಗೆ ಇಳಿಯುತ್ತೆ ಅನ್ನೋ ನಮ್ಮ ನಂಬಿಕೆ ಅಷ್ಟು ಗಟ್ಟಿ ಅಲ್ಲ.

ಅದೇ ವಿಶ್ವವಿದ್ಯಾಲಯದ ಕಾಂಗ್ ಲೀ ಮತ್ತು ಅವರ ತಂಡದ್ದು ಇನ್ನೊಂದು ಪ್ರಯೋಗ, 2014ರದ್ದು. ಮಗುವಿನ ಬೆನ್ನ ಹಿಂದೆ ಒಂದು ಆಟಿಕೆ ಇಟ್ಟು, ಅದರ ಸದ್ದು ಕೇಳಿ ಏನದು ಹೇಳು, ತಿರುಗಿ ನೋಡಬಾರದು ಅಂತ ಹೇಳಿ ದೊಡ್ಡವರು ಆಚೆ ಹೋಗ್ತಾರೆ. ಎಷ್ಟೋ ಮಕ್ಕಳು ತಿರುಗಿ ನೋಡೇ ನೋಡ್ತಾರೆ, ನೋಡದೆ ಇರೋಕಾಗುತ್ತಾ? ವಾಪಸ್ ಬಂದು ಒಂದು ಕಥೆ ಓದಿ, ಆಮೇಲೆ ನೋಡಿದೆಯಾ ಅಂತ ಕೇಳ್ತಾರೆ. ಸುಳ್ಳು ಹೇಳಿದರೆ ಮೂಗು ಉದ್ದ ಆಗೋ ಪಿನೋಕಿಯೊ ಕಥೆ, ತೋಳ ಬಂತು ತೋಳ ಅಂತ ಕೂಗಿದ ಹುಡುಗನ ಕಥೆ, ಎರಡರಿಂದಲೂ ಏನೂ ಪ್ರಯೋಜನ ಆಗಲಿಲ್ಲ. ಜಾರ್ಜ್ ವಾಷಿಂಗ್ಟನ್ ಚೆರ್ರಿ ಮರ ಕಡಿದು ನಿಜ ಒಪ್ಪಿಕೊಂಡಾಗ ಅವನಪ್ಪ ಮೆಚ್ಚಿಕೊಂಡ ಕಥೆ ಕೇಳಿದವರಲ್ಲಿ ಮಾತ್ರ ನಿಜ ಹೇಳಿದವರು ಜಾಸ್ತಿ. ಅದೇ ಕಥೆಯ ಕೊನೆ ತಿರುಚಿ, ಸಿಗೋ ಮೆಚ್ಚುಗೆ ತೆಗೆದು ಕೆಟ್ಟದ್ದಾಗೋ ಹಾಗೆ ಮಾಡಿದರೆ ಅದೂ ಕೆಲಸ ಮಾಡಲಿಲ್ಲ. ಇದರಲ್ಲಿ ತಮಾಷೆ ಏನಂದರೆ ಆ ಚೆರ್ರಿ ಮರದ ಕಥೆ ನಡೆದದ್ದಲ್ಲ, ವಾಷಿಂಗ್ಟನ್‌ನ ಜೀವನ ಬರೆದವರೊಬ್ಬರು ಕಟ್ಟಿದ್ದು. ಸತ್ಯ ಹೇಳೋದನ್ನು ಕಲಿಸಿದ್ದು ಒಂದು ಸುಳ್ಳು ಕಥೆ.

ನನಗೆ ಅದರಲ್ಲಿ ಕಂಡದ್ದು ಅಪ್ಪ. ಪಿನೋಕಿಯೊಗೂ ತೋಳದ ಹುಡುಗನಿಗೂ ಸಿಕ್ಕಿದ್ದು ಶಿಕ್ಷೆ. ಇಲ್ಲಿ ಮಾತ್ರ ಹುಡುಗ ನಿಜ ಹೇಳಿದಾಗ ಎದುರಿಗೆ ಅದನ್ನು ಕೇಳಿಸಿಕೊಳ್ಳೋ ಒಬ್ಬ ದೊಡ್ಡ ಮನುಷ್ಯ ಇದ್ದಾನೆ.

ಪಾಠವೇ ಇಲ್ಲದ ಪುಸ್ತಕಗಳ ಬಗ್ಗೆ ಹೇಳದೇ ಇದ್ದರೆ ತಪ್ಪಾಗುತ್ತೆ. ಅಮೆರಿಕದ ಚಿತ್ರಕಾರ ಎಜ್ರಾ ಜ್ಯಾಕ್ ಕೀಟ್ಸ್ 1940ರಲ್ಲಿ ಲೈಫ್ ಪತ್ರಿಕೆಯಿಂದ ಒಬ್ಬ ಕಪ್ಪು ಹುಡುಗನ ಕೆಲವು ಫೋಟೋ ಕತ್ತರಿಸಿ ಇಟ್ಟುಕೊಂಡಿದ್ದರು. 20 ವರ್ಷಕ್ಕೂ ಜಾಸ್ತಿ ಇಟ್ಟುಕೊಂಡಿದ್ದರು. ಆ ನಡುವೆ ಬೇರೆಯವರ ಪುಸ್ತಕಗಳಿಗೆ ಚಿತ್ರ ಬರೀತಾ ಬಂದರೂ ಅಂಥ ಹುಡುಗ ನಾಯಕನಾಗಿರೋ ಒಂದು ಕಥೆಯೂ ಅವರ ಕೈಗೆ ಬರಲಿಲ್ಲ. ಕೊನೆಗೆ ತಾವೇ ಬರೆದರು, 1962ರಲ್ಲಿ, 'ದಿ ಸ್ನೋಯಿ ಡೇ'. ಹುಡುಗ ಕೆಂಪು ಅಂಗಿ ಹಾಕಿಕೊಂಡು ಹಿಮದಲ್ಲಿ ಆಡ್ತಾನೆ, ನಾಳೆಗೆ ಇರಲಿ ಅಂತ ಹಿಮದ ಉಂಡೆಯೊಂದನ್ನು ಜೇಬಿಗೆ ಹಾಕಿಕೊಳ್ತಾನೆ, ಅದು ಕರಗಿಹೋಗುತ್ತೆ, ಬೇಜಾರಾಗುತ್ತೆ. ಕಥೆ ಹೆಚ್ಚುಕಮ್ಮಿ ಇಷ್ಟೇ. ಅವನ ಬಣ್ಣದ ಬಗ್ಗೆ ಒಂದು ಅಕ್ಷರ ಇಲ್ಲ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಲೆಕ್ಕ ಹಾಕಿದಾಗ, ಅದರ ಇಡೀ ಇತಿಹಾಸದಲ್ಲಿ ಜನ ಅತಿ ಹೆಚ್ಚು ಸಲ ಮನೆಗೆ ಒಯ್ದ ಪುಸ್ತಕ ಇದೇ ಅಂತ ಗೊತ್ತಾಯ್ತು.

ರುಡೀನ್ ಸಿಮ್ಸ್ ಬಿಷಪ್ ಅನ್ನೋ ವಿದ್ವಾಂಸೆ 1990ರಲ್ಲಿ ಪುಸ್ತಕಗಳನ್ನು ಕನ್ನಡಿ, ಕಿಟಕಿ, ಬಾಗಿಲುಗಳಿಗೆ ಹೋಲಿಸಿದ್ದರು. ಮಗುವಿಗೆ ಪುಸ್ತಕದಲ್ಲಿ ತನ್ನ ಮುಖವೂ ಕಾಣಬೇಕು, ಬೇರೆಯವರ ಮನೆಯೂ ಕಾಣಬೇಕು. ಎಲ್ಲಿ ನೋಡಿದರೂ ತನ್ನ ಮುಖವೇ ಕಾಣೋ ಮಗುವಿಗೂ ಅದು ಒಳ್ಳೆಯದಲ್ಲ, ಲೋಕದಲ್ಲಿ ತಾನೇ ದೊಡ್ಡದು ಅಂದುಕೊಳ್ಳುತ್ತೆ ಅಂತ ಅವರೇ ಎಚ್ಚರಿಸಿದ್ದರು. ಈ ಎರಡನೇ ಮಾತನ್ನು ಜನ ಅಷ್ಟಾಗಿ ನೆನಪಿಟ್ಟುಕೊಳ್ಳಲ್ಲ.

ಇನ್ನು ಫರ್ಡಿನಂಡ್. 1936ರಲ್ಲಿ ಮನ್ರೋ ಲೀಫ್ ಬರೆದು ರಾಬರ್ಟ್ ಲಾಸನ್ ಚಿತ್ರ ಹಾಕಿದ ಸ್ಪೇನಿನ ಗೂಳಿಯ ಕಥೆ. ಬೇರೆ ಗೂಳಿಗಳು ಗುದ್ದಾಡ್ತಾ ಇದ್ದರೆ ಇವನು ಮರದ ಕೆಳಗೆ ಕೂತು ಹೂವಿನ ವಾಸನೆ ನೋಡ್ತಾನೆ. ಜೇನುಹುಳ ಕಚ್ಚಿ ಎಗರಾಡಿದ್ದನ್ನು ನೋಡಿ ಭಾರಿ ರೋಷದ ಗೂಳಿ ಅಂದುಕೊಂಡು ಕಾಳಗಕ್ಕೆ ಹಿಡಿದೊಯ್ತಾರೆ. ಅಲ್ಲೂ ಕೂತು ಹೆಂಗಸರ ತಲೆಯ ಹೂವಿನ ವಾಸನೆ ನೋಡ್ತಾನೆ. ಕೊನೆಗೆ ವಾಪಸ್ ತಂದು ಬಿಡ್ತಾರೆ, ಅದೇ ಮರ, ಅದೇ ಹೂವು. ಯಾರೂ ಬದಲಾಗಲ್ಲ! ನನ್ನ ಪ್ರಶ್ನೆಯನ್ನೇ ಕೋಡಿನಲ್ಲಿ ಎತ್ತಿ ಬಿಸಾಡಿದ ಪುಸ್ತಕ ಇದು. ಇಂಥ ಒಂದು ಕಥೆಯನ್ನು ಸರ್ವಾಧಿಕಾರಿ ಫ್ರಾಂಕೋನ ಸ್ಪೇನಿನಲ್ಲಿ ನಿಷೇಧಿಸಿದ್ದರು ಅಂದರೆ ಗುದ್ದಾಡದೇ ಸುಮ್ನೆ ಕೂರೋರನ್ನು ಕಂಡರೆ ಕೆಲವರಿಗೆ ಎಷ್ಟು ಭಯ ನೋಡಿ.

ಆದರೆ ನಾನು ಮತ್ತೆ ಮತ್ತೆ ತೆಗೆದು ನೋಡೋದು ಅವನ ಅಮ್ಮನ ಪುಟ. ಮಗ ಒಬ್ಬನೇ ಕೂರ್ತಾನಲ್ಲ, ಬೇಜಾರಾಗುತ್ತೇನೋ ಅಂತ ಅವಳಿಗೆ ಚಿಂತೆ. ಹೋಗಿ ಕೇಳ್ತಾಳೆ. ಇಲ್ಲ, ನನಗೆ ಇಲ್ಲೇ ಕೂರೋದು ಇಷ್ಟ ಅಂತಾನೆ. ಅವನಿಗೆ ಒಂಟಿ ಅನ್ನಿಸ್ತಿಲ್ಲ ಅಂತ ಅವಳಿಗೆ ಗೊತ್ತಾಗುತ್ತೆ, ಸುಮ್ಮನೆ ಬಿಟ್ಟುಬಿಡ್ತಾಳೆ. ಮೊದಲು ಕೇಳಿದಳು, ಉತ್ತರ ನಂಬಿದಳು. ಕೇಳದೆ ಪುಸ್ತಕ ತರಿಸಿದವಳು ನಾನು.

ಈಗ ನಾನು ಕಥೆ ಮುಗಿದ ಮೇಲೆ "ಇದರಿಂದ ಏನು ತಿಳ್ಕೊಂಡೆ?" ಅಂತ ಕೇಳೋದನ್ನು ಬಿಟ್ಟಿದ್ದೀನಿ. ಬಿಡೋದು ಸುಲಭ ಇರಲಿಲ್ಲ. ಕೊನೆಯ ಪುಟ ಮುಗಿದು ಪುಸ್ತಕ ಮುಚ್ಚೋವಾಗ ಬಾಯಿ ತುರಿಸುತ್ತೆ. ತುಟಿ ಕಚ್ಚಿಕೊಂಡು ಕೂರ್ತೀನಿ. ಕೆಲವು ಸಲ ಅವಳು ಏನೋ ಹೇಳ್ತಾಳೆ, ಕೆಲವು ಸಲ ಹಾಗೇ ನಿದ್ದೆ ಹೋಗ್ತಾಳೆ. ಆ 11 ಪುಸ್ತಕಗಳು ಸದ್ಯಕ್ಕೆ ನೆಲದ ಮೇಲೆ ಗೊಂಬೆಗಳ ಕಾರಿಗೆ ಇಳಿಜಾರು ಆಗಿವೆ. ಗಟ್ಟಿ ರಟ್ಟು, ಒಳ್ಳೇ ಇಳಿಜಾರು. ಟೀಚರನ್ನು ಮೊನ್ನೆ ಮತ್ತೆ ನೋಡಿದೆ. "ಈಗಲೂ ಅಷ್ಟೇ, ಮಾತು ಕಮ್ಮಿ" ಅಂದರು. "ಮನೆಯಲ್ಲೂ ಹಾಗೇ, ಅವಳು ಅದೇ ಥರ" ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ತಲೆ ಆಡಿಸಿದರು.

ಹೋದ ವಾರ ರಾತ್ರಿ ಅವಳೇ ಕಾಗೆ ಹುಡುಗನನ್ನು ತೆಗೆದುಕೊಂಡು ಬಂದಳು. ಎಷ್ಟನೇ ಸಲವೋ. ಚಾವಣಿ ನೋಡೋ ಪುಟಕ್ಕೆ ಬಂದಾಗ ಮತ್ತೆ ಕೈ ಅಡ್ಡ ಇಟ್ಟಳು.

"ನಮ್ಮ ಕ್ಲಾಸ್ ಫ್ಯಾನು ಏಳು ಸುತ್ತಿಗೆ ಒಂದು ಸಲ ಟಕ್ ಅನ್ನುತ್ತೆ."

"ಹೌದಾ?"

"ಹೂಂ. ಸ್ಲೋ ಇದ್ದಾಗ ಮಾತ್ರ. ಜೋರಾಗಿ ತಿರುಗಿದರೆ ಎಣಿಸೋಕಾಗಲ್ಲ."

"ಟೀಚರ್‌ಗೆ ಗೊತ್ತಾ?"

"ಅವರು ಕೇಳಿಲ್ಲ."

ಲೈಟ್ ಆರಿಸಿ ಪಕ್ಕದಲ್ಲಿ ಮಲಗಿದೆ. ಅವಳ ಉಸಿರು ನಿಧಾನ ಆಯಿತು. ನಮ್ಮ ರೂಮಿನ ಫ್ಯಾನು ಸದ್ದೇ ಮಾಡಲ್ಲ ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ.